ನೆಟ್ಟ ಗಿಡ ಕಾಯಿ ಕಟ್ಟಬೇಕಾದರೆ

ಜತ್ತ ತಾಲೂಕಿನ ಶೇಗಾಂವದ ಮಾಳದಿಂದ ನಮ್ಮ ಗೇರುಗುಡ್ಡೆಗಳ ತನಕ

ಮಳೆಗಾಲ ಕಾಲಿಟ್ಟಿತೆಂದರೆ ಎಲ್ಲೆಡೆಯೂ ಗಿಡ ನೆಡುವ ಸಂಭ್ರಮ. ಶಾಲೆಯ ಅಂಗಳ, ಪಂಚಾಯತು ಕಚೇರಿಯ ಆವರಣ, ರಸ್ತೆಯ ಬದಿ ಎಂದು ಹೊಂಡ ತೋಡಿ, ಸಸಿ ಇಟ್ಟು, ನೀರೆರೆದು, ಫೋಟೋ ತೆಗೆಸಿಕೊಂಡು ನಾವು ಮನೆಗೆ ಹಿಂತಿರುಗುತ್ತೇವೆ. ಮರುದಿನದ ಪತ್ರಿಕೆಯಲ್ಲಿ ಇಂತಿಷ್ಟು ಸಸಿ ನೆಡಲಾಯಿತೆಂಬ ಲೆಕ್ಕ ಅಚ್ಚಾಗುತ್ತದೆ. ಮಹಾರಾಷ್ಟ್ರ ಸರಕಾರವಂತೂ ಇಂಥ ಲೆಕ್ಕದಲ್ಲಿ ಎಲ್ಲರನ್ನೂ ಮೀರಿಸಿತ್ತು. 2016ರಲ್ಲಿ 2 ಕೋಟಿ, 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಸಸಿಗಳ ಗುರಿಯನ್ನು ಅದು ಇರಿಸಿಕೊಂಡಿತ್ತು.

ಗಿಡ ನೆಡುವುದು ಒಳ್ಳೆಯ ಕೆಲಸ. ಅದನ್ನು ಬೇಡವೆನ್ನುವವರು ಯಾರೂ ಇಲ್ಲ. ಆದರೆ ನೆಟ್ಟ ಗಿಡ ಬದುಕಿದರೆ ಸಾಲದು. ಅದು ಹೂ ಬಿಡಬೇಕು, ಆ ಹೂ ಕಾಯಿ ಕಟ್ಟಬೇಕು, ಕಾಯಿಯೊಳಗೆ ಜೀವವಿರುವ ಬೀಜ ಬಲಿಯಬೇಕು, ಆ ಬೀಜ ಬಿದ್ದಲ್ಲಿ ಯಾರೂ ನೆಡದೆ ಇನ್ನೊಂದು ಸಸಿ ಏಳಬೇಕು. ಅಷ್ಟಾದಾಗ ಮಾತ್ರ ಕಾಡು ಮರಳಿತು, ನೆಲ ಚೇತರಿಸಿತು ಎಂದು ಹೇಳಬಹುದು. ಈ ಸರಪಣಿಯ ನಡುವಿನ ಕೊಂಡಿಯನ್ನು ಮನುಷ್ಯ ಹಾಕುವುದಿಲ್ಲ. ಹೂವಿನಿಂದ ಹೂವಿಗೆ ಪರಾಗವನ್ನು ಹೊತ್ತು ತಿರುಗುವ ಜೇನು, ದುಂಬಿ, ಕಣಜ, ಚಿಟ್ಟೆ, ಪತಂಗ, ಸೂರಕ್ಕಿ, ಬಾವಲಿಗಳು ಹಾಕುತ್ತವೆ. ಇವು ಯಾವ ಇಲಾಖೆಯ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ.

ವಿಶ್ವಸಂಸ್ಥೆಯ ಆಶ್ರಯದಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಸೇರಿ 2016ರಲ್ಲಿ ಒಂದು ವರದಿ ಹೊರತಂದರು. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ನೂರಕ್ಕೆ 75ರಷ್ಟು ಬೆಳೆಗಳು ಸ್ವಲ್ಪವಾದರೂ ಈ ಜೀವಿಗಳನ್ನು ನೆಚ್ಚಿವೆ ಎಂದು ಅದು ಹೇಳಿತು. ಬೆಳೆಗಳ ಮಾತು ಹಾಗಿರಲಿ, ಕಾಡಿನ ಹೂಬಿಡುವ ಗಿಡಗಳಲ್ಲಿ ನೂರಕ್ಕೆ ಸುಮಾರು 90ರಷ್ಟಕ್ಕೆ ಇವುಗಳ ನೆರವು ಬೇಕು. ಜೇನಿನ ಜಾತಿಗೆ ಸೇರಿದ ಕೀಟಗಳೇ ಲೋಕದಲ್ಲಿ 20,000ಕ್ಕೂ ಹೆಚ್ಚು ಬಗೆ ಇವೆ. ನಾವು ಪೆಟ್ಟಿಗೆಯಲ್ಲಿ ಸಾಕುವುದು ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ.

ಇನ್ನೊಂದು ಗಡಿಯ ಕನ್ನಡಿಗರು

ಶೇಗಾಂವ ಎಂದೊಡನೆ ಹಲವರಿಗೆ ಬುಲ್ಡಾಣಾ ಜಿಲ್ಲೆಯ ಗಜಾನನ ಮಹಾರಾಜರ ಕ್ಷೇತ್ರ ನೆನಪಾದೀತು. ನಾವಿಲ್ಲಿ ಹೇಳುತ್ತಿರುವುದು ಆ ಊರಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿಯೂ ಒಂದು ಶೇಗಾಂವ ಇದೆ. ಕಾಸರಗೋಡಿನ ಕನ್ನಡಿಗರಾದ ನಮಗೆ ಜತ್ತದ ಹೆಸರು ಅಪರಿಚಿತವೇನಲ್ಲ. 1967ರ ಮಹಾಜನ ವರದಿಯಲ್ಲಿ ನಮ್ಮ ನೆಲದ ಹೆಸರೂ ಇದೆ, ಜತ್ತದ ಹೆಸರೂ ಇದೆ. ಆ ತಾಲೂಕಿನ ಪೂರ್ವದ ಊರುಗಳಲ್ಲಿ ಮನೆಮಾತು ಕನ್ನಡ. ಕನ್ನಡ ಶಾಲೆಗಳಿವೆ. ಗುಡ್ಡಾಪುರದ ದಾನಮ್ಮ ದೇವಿಯ ದರ್ಶನಕ್ಕೆ ಉತ್ತರ ಕರ್ನಾಟಕದಿಂದ ಜನ ಪ್ರವಾಹದಂತೆ ಹೋಗುತ್ತಾರೆ. ನಾವು ಮಲಯಾಳದ ನಡುವೆ ಕನ್ನಡ ಉಳಿಸಿಕೊಂಡಂತೆ ಅವರು ಮರಾಠಿಯ ನಡುವೆ ಉಳಿಸಿಕೊಂಡಿದ್ದಾರೆ.

ನೆಲ, ನೀರು ಮಾತ್ರ ನಮ್ಮದಕ್ಕೆ ತೀರ ಬೇರೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಜತ್ತದಲ್ಲಿ 500 ಮಿಲಿಮೀಟರಿನ ಆಸುಪಾಸು ಬಂದರೆ ಒಳ್ಳೆಯ ವರ್ಷ. ಬರ ಅಲ್ಲಿಗೆ ನೆಂಟನಲ್ಲ, ಮನೆಯವನೇ. ಜೋಳ, ಸಜ್ಜೆ, ತೊಗರಿ, ಕುಸುಬೆ ಅಲ್ಲಿಯ ಹಳೆಯ ಬೆಳೆಗಳು. ಮಾಳದಲ್ಲಿ ಕುರಿ ಮೇಯಿಸಿ ಬದುಕುವವರು ಬಹಳ. ಅಲ್ಲಿಯ ಮಾಡಗ್ಯಾಳ ಎಂಬ ಊರಿನ ಹೆಸರಿನ ಕುರಿತಳಿ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗಿನಿಂದಾಗಿ, ದೂರದೂರದ ಸಂತೆಗಳಲ್ಲಿಯೂ ಹೆಸರಾಗಿದೆ.

2022ರ ನವೆಂಬರದಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ ತಾಲೂಕಿನ ಊರುಗಳು ಹಿಂದೆ ಮಾಡಿದ್ದ ಠರಾವಿನ ಮಾತೆತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವಾದುದು ಓದುಗರಿಗೆ ನೆನಪಿರಬಹುದು. ನೀರು ಕೊಡದಿದ್ದರೆ ನಾವು ಕರ್ನಾಟಕಕ್ಕೆ ಸೇರುತ್ತೇವೆಂಬುದು ಆ ಠರಾವಿನ ತಿರುಳು. ಅದಾದ ಮೇಲೆ ಕೃಷ್ಣಾ ನದಿಯಿಂದ ನೀರೆತ್ತುವ ಮ್ಹೈಸಾಳ ಯೋಜನೆಯನ್ನು ಆ ತಾಲೂಕಿನ ಉಳಿದ ಊರುಗಳಿಗೂ ವಿಸ್ತರಿಸುವ ಕೆಲಸಕ್ಕೆ ಚುರುಕು ಬಂತು. ನೀರಿನ ಮಾತು, ಗಡಿಯ ಮಾತು ಸಾಕಷ್ಟು ನಡೆದವು. ಬಂದ ನೀರಿನಿಂದ ಬೆಳೆದ ಗಿಡದ ಹೂವಿಗೆ ಯಾರು ಬರುತ್ತಾರೆ ಎಂಬ ಮಾತು ಮಾತ್ರ ಎಲ್ಲಿಯೂ ಕೇಳಲಿಲ್ಲ.

ದಾಳಿಂಬೆಯ ಹೂ ಹೇಳುವ ಪಾಠ

ಜತ್ತದ ಕಲ್ಲುನೆಲಕ್ಕೆ ಕಳೆದ ಕೆಲವು ದಶಕಗಳಲ್ಲಿ ಹಣ ತಂದ ಬೆಳೆಗಳೆಂದರೆ ದ್ರಾಕ್ಷಿ ಮತ್ತು ದಾಳಿಂಬೆ. ದ್ರಾಕ್ಷಿಗೆ ಜೇನಿನ ಹಂಗು ಹೆಚ್ಚಿಲ್ಲ. ಜೋಳ, ಸಜ್ಜೆಗಳಿಗೆ ಗಾಳಿಯೇ ಸಾಕು. ದಾಳಿಂಬೆಯ ಮಾತು ಹಾಗಲ್ಲ.

ದಾಳಿಂಬೆ ಗಿಡದಲ್ಲಿ ಮುಖ್ಯವಾಗಿ ಎರಡು ಬಗೆಯ ಹೂಗಳಿರುತ್ತವೆ. ಗಂಟೆಯ ಆಕಾರದ ಹೂಗಳು ಗಂಡು. ಅವು ಪರಾಗ ಕೊಟ್ಟು ಉದುರಿಹೋಗುತ್ತವೆ. ಬುಡದಲ್ಲಿ ಚೆಂಬಿನಂತೆ ಉಬ್ಬಿದ ಹೂಗಳು ಕಾಯಿ ಕಟ್ಟತಕ್ಕವು. ಗಿಡವು ತನ್ನದೇ ಪರಾಗದಿಂದಲೂ ಅಷ್ಟಿಷ್ಟು ಕಾಯಿ ಕಟ್ಟೀತು. ಆದರೆ ಜೇನು ಬಂದು ಗಿಡದಿಂದ ಗಿಡಕ್ಕೆ ಪರಾಗ ಒಯ್ದಲ್ಲಿ ಕಾಯಿ ಹೆಚ್ಚು ನಿಲ್ಲುತ್ತದೆ, ಹಣ್ಣಿನ ಗಾತ್ರವೂ ಏರುತ್ತದೆ. ನಾವು ತಿನ್ನುವ ಒಂದೊಂದು ಕೆಂಪು ಕಾಳಿನ ಒಳಗೂ ಒಂದೊಂದು ಬೀಜವಿದೆಯಷ್ಟೆ. ಪರಾಗ ತಾಗದ ಕಡೆ ಬೀಜವಿಲ್ಲ, ಬೀಜವಿಲ್ಲದ ಕಡೆ ಕಾಳೂ ಇಲ್ಲ. ಕಾಳು ಕಡಿಮೆಯಾದ ಹಣ್ಣಿಗೆ ತೂಕವೆಲ್ಲಿ?

ದಾಳಿಂಬೆ ಬೆಳೆಗಾರರು ವರ್ಷದಲ್ಲಿ ಮೂರು ಹೂಗಾಲಗಳನ್ನು ಬಲ್ಲರು. ಜನವರಿ, ಫೆಬ್ರವರಿಯ ಅಂಬೆ ಬಹಾರ, ಜೂನ್, ಜುಲೈಯ ಮೃಗ ಬಹಾರ, ಸೆಪ್ಟೆಂಬರ್, ಅಕ್ಟೋಬರದ ಹಸ್ತ ಬಹಾರ. ತಮಗೆ ಬೇಕಾದ ಬಹಾರಕ್ಕೆ ತಕ್ಕಂತೆ ನೀರು ನಿಲ್ಲಿಸಿ, ಮತ್ತೆ ಕೊಟ್ಟು, ಗಿಡ ಒಮ್ಮೆಲೆ ಹೂ ಬಿಡುವಂತೆ ಮಾಡುತ್ತಾರೆ. ತೊಡಕು ಬರುವುದು ಇಲ್ಲಿಯೇ. ಎಲೆಯ ಮೇಲೆ ಎಣ್ಣೆ ಚೆಲ್ಲಿದಂತೆ ಕಲೆ ಬೀಳಿಸುವ ‘ತೇಲ್ಯಾ’ ರೋಗ ಮತ್ತು ಹೂವಿಗೆ ಹತ್ತುವ ನುಸಿಗಳ ಭಯದಿಂದ ಔಷಧಿ ಹೊಡೆಯುವ ಕಾಲ, ಜೇನು ಹೂವಿಗೆ ಬರುವ ಕಾಲ ಎರಡೂ ಒಂದೇ ಆಗಿಬಿಡುತ್ತದೆ. ಜೇನು ದಾಳಿಂಬೆಗೆ ಹೆಚ್ಚಾಗಿ ಬರುವುದು ಬೆಳಗಿನ ಹೊತ್ತು. ಕೂಲಿಯಾಳು ಪಂಪು ಹೊತ್ತು ತೋಟಕ್ಕಿಳಿಯುವುದೂ ತಂಪು ಹೊತ್ತಿನ ಅದೇ ಬೆಳಿಗ್ಗೆ.

ಕೆಲವು ಔಷಧಿಗಳು ಮೇಲೆ ಬಿದ್ದು ಒಣಗಿ ಹೋಗುವಂಥವಲ್ಲ. ಬೇರಿನಿಂದಲೋ ಎಲೆಯಿಂದಲೋ ಒಳಸೇರಿ ಗಿಡದ ರಸದಲ್ಲಿ ಬೆರೆತು, ಕೊನೆಗೆ ಹೂವಿನ ಪರಾಗದಲ್ಲಿಯೂ ಮಕರಂದದಲ್ಲಿಯೂ ಕಾಣಿಸಿಕೊಳ್ಳುತ್ತವೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಂ, ಕ್ಲೋಥಿಯಾನಿಡಿನ್ ಎಂಬ ಇಂಥ ಮೂರು ಔಷಧಿಗಳನ್ನು ಬಯಲಿನ ಬೆಳೆಗಳಿಗೆ ಬಳಸಕೂಡದೆಂದು ಯುರೋಪಿನ ಒಕ್ಕೂಟ 2018ರಲ್ಲಿ ವಿಧಿಸಿತು. ಇದರಿಂದ ಜೇನು ನೊಣ ಕೂಡಲೇ ಸಾಯಬೇಕೆಂದಿಲ್ಲ. ದಿಕ್ಕು ತಪ್ಪಿ ಗೂಡಿಗೆ ಮರಳದೆ ಹೋಗುತ್ತದೆ. ಕೆಲಸದ ನೊಣ ಮರಳದ ಗೂಡು ಬಹಳ ದಿನ ಬಾಳುವುದಿಲ್ಲ.

ಸುತ್ತಲಿನ ಜೇನು ಕಡಿಮೆಯಾದಂತೆ ಮಹಾರಾಷ್ಟ್ರದ ದಾಳಿಂಬೆ ತೋಟಗಳಿಗೆ ಬಾಡಿಗೆಯ ಜೇನುಪೆಟ್ಟಿಗೆ ತರಿಸುವ ಪದ್ಧತಿ ಬಂದಿದೆ. ಅದರಿಂದ ಲಾಭವೂ ಇದೆ. ಆದರೆ ಬಾಡಿಗೆಯ ಜೇನು ತೋಟದ ಹೂ ಮುಗಿದೊಡನೆ ಲಾರಿ ಹತ್ತಿ ಹೋಗುತ್ತದೆ. ಬೇಲಿಯ ಆಚೆಗಿನ ಬನ್ನಿಗೆ, ತಂಗಡಿಗೆ, ತುಂಬೆಗೆ ಬಾಡಿಗೆ ಕೊಡುವವರು ಯಾರು?

ಯಾರು ಯಾರು ಈ ಕೆಲಸದವರು

ಜೇನು ಎಂದರೆ ಒಂದೇ ಎಂದು ತಿಳಿದವರಿದ್ದಾರೆ. ಹಾಗಲ್ಲ. ನಮ್ಮ ಅಡಿಕೆ ತೋಟಗಳ ಪೆಟ್ಟಿಗೆಯಲ್ಲಿರುವುದು ತುಡುವೆ. ಇದು ಮರದ ಪೊಟರೆಯ ಕತ್ತಲೆಯನ್ನು, ತಂಪನ್ನು ಬಯಸುತ್ತದೆ. ಜತ್ತದಂಥ ಒಣನೆಲದಲ್ಲಿ ಹೆಚ್ಚಾಗಿ ಕಾಣುವುದು ಹೆಜ್ಜೇನು ಮತ್ತು ಕೋಲುಜೇನು. ಹೆಜ್ಜೇನು ಎತ್ತರದ ಮರಕ್ಕೆ, ಬಂಡೆಯ ಚಾಚಿಗೆ, ನೀರಿನ ಟಾಂಕಿಗೆ ಒಂದೇ ಹಲ್ಲೆಯ ದೊಡ್ಡ ಗೂಡು ಕಟ್ಟಿ, ಹೂವಿನ ಕಾಲ ಮುಗಿದಾಗ ಗೂಡು ಬಿಟ್ಟು ನೂರಾರು ಕಿಲೋಮೀಟರ್ ದೂರಕ್ಕೂ ಗುಳೆ ಹೋಗಬಲ್ಲದು. ಕೋಲುಜೇನು ಪೊದೆಯ ಟೊಂಗೆಯಲ್ಲಿ ಅಂಗೈಯಗಲದ ಗೂಡು ಕಟ್ಟುತ್ತದೆ. ಇನ್ನು ನಮ್ಮ ಗೋಡೆಯ ಸಂದಿನಲ್ಲಿ ಮೇಣದ ಕೊಳವೆ ಇಟ್ಟು ಬಾಳುವ ಮುಜಂಟಿಯನ್ನು ಇಲ್ಲಿಯ ಮಕ್ಕಳಿಗೆ ಪರಿಚಯಿಸಬೇಕಾಗಿಲ್ಲ.

ಇವೆಲ್ಲ ಸಂಸಾರವಂದಿಗರು. ಒಂಟಿಯಾಗಿ ಬಾಳುವ ಜೇನುಗಳು ಇವಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವುಗಳಲ್ಲಿ ಹೆಚ್ಚಿನವು ನೆಲದಲ್ಲಿ ಸಣ್ಣ ಬಿಲ ತೋಡಿ ಮೊಟ್ಟೆ ಇಡುತ್ತವೆ. ಕೆಲವು ಎಲೆಯನ್ನು ದುಂಡಗೆ ಕತ್ತರಿಸಿ ಒಯ್ದು ಮರಿಗೆ ತೊಟ್ಟಿಲು ಮಾಡುತ್ತವೆ. ಒಣಮರದಲ್ಲಿ, ಬಿದಿರಿನಲ್ಲಿ ತೂತು ಕೊರೆದು ಮನೆ ಮಾಡುವ ಕಪ್ಪು ದುಂಬಿಯನ್ನು ನೋಡದವರಿಲ್ಲ.

ಈ ಕಪ್ಪು ದುಂಬಿಯ ಕೆಲಸವೊಂದನ್ನು ಇಲ್ಲಿ ಹೇಳಲೇಬೇಕು. ಜತ್ತದ ಮಾಳದಲ್ಲಿ ಹಳದಿ ಹೂವಿನ ತಂಗಡಿ ಗಿಡವಿದೆ. ಹೊನ್ನಾವರಿಕೆ ಎಂದೂ ಕರೆಯುತ್ತಾರೆ. ಅದರ ಪರಾಗ ಹೊರಗೆ ಕಾಣುವುದಿಲ್ಲ. ಉಪ್ಪಿನ ಡಬ್ಬಿಯ ತೂತಿನಂತೆ ಕೇಸರದ ತುದಿಯಲ್ಲಿ ಸಣ್ಣ ಕಿಂಡಿ ಮಾತ್ರ ಇರುತ್ತದೆ. ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು ಮೈಯನ್ನು ಗುಂಯ್ಯೆಂದು ನಡುಗಿಸಿದಾಗ ಪರಾಗ ಉದುರಿ ಅದರ ಮೈಗೆ ಹತ್ತುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಬದನೆ, ಟೊಮೆಟೊಗಳ ಹೂವೂ ಇದೇ ಜಾತಿಯ ಬೀಗದ್ದು. ಒಣಮರವನ್ನೆಲ್ಲ ಸೌದೆಗೆ ಒಯ್ದರೆ ದುಂಬಿಗೆ ಮನೆಯಿಲ್ಲ. ದುಂಬಿಯಿಲ್ಲದಿದ್ದರೆ ತಂಗಡಿಯ ಬೀಗ ತೆರೆಯುವವರಿಲ್ಲ.

ಆಲ, ಅರಳಿ, ಅತ್ತಿಗಳದು ಇನ್ನೂ ಬಿಗಿಯಾದ ನಂಟು. ಅವುಗಳ ಹೂ ಕಾಯಿಯಂತೆ ಕಾಣುವ ಬುಗುಟಿನ ಒಳಗಿದೆ. ಒಂದೊಂದು ಜಾತಿಯ ಮರಕ್ಕೂ ಅದರದೇ ಆದ, ಸಾಸಿವೆಗಿಂತ ಕಿರಿದಾದ ಕಣಜವಿದೆ. ಆ ಕಣಜ ಒಳಹೊಕ್ಕರೆ ಮಾತ್ರ ಬೀಜ. ಕಡುಬೇಸಗೆಯಲ್ಲಿ ಹಕ್ಕಿಗಳ ಹೊಟ್ಟೆ ಹೊರೆಯುವ ಅತ್ತಿಹಣ್ಣಿನ ಹಿಂದೆ ಇಷ್ಟು ಸಣ್ಣ ಜೀವಿಯ ದುಡಿಮೆ ಇದೆ.

ಮಾಳವು ಹಾಳುನೆಲವಲ್ಲ

ಕಂದಾಯದ ಕಡತಗಳಲ್ಲಿ ಮಾಳವೆಂದರೆ ಪಾಳುಭೂಮಿ. ಆದುದರಿಂದ ಅಲ್ಲಿ ಏನನ್ನಾದರೂ ನೆಡಬೇಕೆಂಬ ಆತುರ ಎಲ್ಲರಿಗೂ. ಮಹಾರಾಷ್ಟ್ರದ ಮಾಳಗಳಲ್ಲಿ ಬಹಳ ಕಡೆ ಗಿರಿಪುಷ್ಪವನ್ನು ಸಾಲುಸಾಲಾಗಿ ನೆಡಲಾಗಿದೆ. ನಮ್ಮವರು ಗೊಬ್ಬರದ ಗಿಡವೆನ್ನುವುದು ಇದನ್ನೇ. ಬೇಗ ಬೆಳೆಯುತ್ತದೆ, ಆಡುಕುರಿ ಹೆಚ್ಚು ಮುಟ್ಟುವುದಿಲ್ಲ, ಲೆಕ್ಕಕ್ಕೆ ಚೆನ್ನಾಗಿ ಸಿಗುತ್ತದೆ. ಅದು ಹೂ ಬಿಟ್ಟಾಗ ಜೇನು ಬರುವುದೂ ಉಂಟು. ಆದರೆ ಒಂದೇ ಜಾತಿಯ ಗಿಡ ವರ್ಷದಲ್ಲಿ ಒಂದೇ ಸಲ ಹೂ ಬಿಡುತ್ತದೆ. ಆ ಕೆಲವು ವಾರಗಳಲ್ಲಿ ಹಬ್ಬ, ಉಳಿದ ತಿಂಗಳುಗಳಲ್ಲಿ ಉಪವಾಸ. ಉಪವಾಸವಿರುವ ಜೇನು ಊರು ಬಿಡುತ್ತದೆ. ಬಳ್ಳಾರಿ ಜಾಲಿಯದೂ ಇದೇ ಕಥೆ. ಹೂವಿನಲ್ಲಿ ಜೇನು ಕಂಡಿತೆಂದ ಮಾತ್ರಕ್ಕೆ ನೆಲ ಸುಧಾರಿಸಿತೆನ್ನಲಾಗದು. ತಾನೊಂದೇ ಬೆಳೆದು ಉಳಿದ ಹತ್ತು ಗಿಡಗಳನ್ನು ಹೊರದೂಡುವ ಗಿಡ ಅದು.

ಜತ್ತದ ನೆಲದ ಹಳೆಯ ಗಿಡಗಳನ್ನು ಒಮ್ಮೆ ನೋಡಿರಿ. ಫೆಬ್ರವರಿ, ಮಾರ್ಚಿನಲ್ಲಿ ಮುತ್ತುಗ. ಅದು ಮುಗಿಯುವ ಹೊತ್ತಿಗೆ ಬೇವು. ಏಪ್ರಿಲ್, ಮೇಯಲ್ಲಿ ಹೊಂಗೆ, ಅದರ ಬೆನ್ನಿಗೆ ಹುಣಸೆ. ಮಳೆ ಬಿದ್ದ ಮೇಲೆ ಕರಿಜಾಲಿ, ನೆಲದ ತುಂಬ ತುಂಬೆ ಮತ್ತಿತರ ಸಣ್ಣ ಗಿಡಗಳು. ಆಗಸ್ಟಿನಿಂದ ಅಕ್ಟೋಬರದ ವರೆಗೆ ಬೋರೆ. ಹೊಲದಲ್ಲಿ ತೊಗರಿ, ಹುಚ್ಚೆಳ್ಳು, ಚಳಿಗಾಲಕ್ಕೆ ಕುಸುಬೆ. ಒಬ್ಬರು ಎಲೆ ಎತ್ತುವ ಮುನ್ನ ಇನ್ನೊಬ್ಬರು ಎಲೆ ಹಾಕುವಂತೆ ವರ್ಷವಿಡೀ ಪಂಕ್ತಿ ನಡೆಯುತ್ತಿತ್ತು. ಇದನ್ನು ಯಾವ ಇಲಾಖೆಯೂ ಯೋಜಿಸಿದ್ದಲ್ಲ. ಪಂಕ್ತಿಯ ನಡುವಿನ ಒಂದು ಗಿಡವನ್ನು ಕಿತ್ತರೆ ಒಂದು ತಿಂಗಳ ಊಟ ತಪ್ಪುತ್ತದೆ, ಅಷ್ಟರಲ್ಲಿ ಜೇನು ಹೋಗಿರುತ್ತದೆ, ಮುಂದಿನ ತಿಂಗಳ ಹೂವಿಗೆ ಬರುವವರಿರುವುದಿಲ್ಲ.

ನೀರಿಂಗಿಸುವ ಕೆಲಸದಲ್ಲಿಯೂ ಈ ವಿಚಾರ ಮರೆಯತಕ್ಕದ್ದಲ್ಲ. ಬರದ ನಾಡಿನಲ್ಲಿ ಇಳಿಜಾರಿಗೆ ಅಡ್ಡವಾಗಿ ಕಾಲುವೆ ತೋಡುವುದು, ಒಡ್ಡು ಹಾಕುವುದು ಆಗಲೇಬೇಕಾದ ಕೆಲಸ. ಆದರೆ ಇಡೀ ಗುಡ್ಡವನ್ನು ಯಂತ್ರದಿಂದ ಒಂದೇ ಬೇಸಗೆಯಲ್ಲಿ ಉತ್ತು ಹಾಕಿದರೆ ನೆಲದೊಳಗಿನ ಒಂಟಿ ಜೇನುಗಳ ಬಿಲಗಳೆಲ್ಲ ಮಣ್ಣುಪಾಲಾಗುತ್ತವೆ. ಗುಡ್ಡದ ಒಂದಷ್ಟು ಭಾಗವನ್ನು ಮುಟ್ಟದೆ ಬಿಟ್ಟರೆ ಅಲ್ಲಿಂದ ಅವು ಮತ್ತೆ ಹಬ್ಬಬಲ್ಲವು. ಕುರಿಯನ್ನು ಶತ್ರುವೆಂದು ತಿಳಿದು ಮಾಳದಿಂದ ಪೂರ್ತಿ ಹೊರಹಾಕುವುದೂ ಸರಿಯಲ್ಲ. ಒಂದು ಕಡೆ ಮೇಯಿಸಿ, ಆ ಕಡೆಗೆ ಬಿಡುವು ಕೊಟ್ಟು, ಇನ್ನೊಂದು ಕಡೆ ಸಾಗುವ ಕುರಿಗಾರರ ಹಳೆಯ ಪದ್ಧತಿಯಲ್ಲಿ ಹುಲ್ಲಿಗೂ ಹೂವಿಗೂ ಬೇಕಾದ ಅವಕಾಶವಿತ್ತು.

ನಮ್ಮ ಗುಡ್ಡೆಗಳು ಕಂಡದ್ದು

ಇಷ್ಟು ದೂರದ ಜತ್ತದ ಮಾತು ನಮಗೇಕೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಗೇರುಗುಡ್ಡೆಗಳೇ ಉತ್ತರ. 1970ರ ದಶಕದ ಕೊನೆಯ ಭಾಗದಿಂದ 2000ದ ವರೆಗೆ ಕೇರಳ ತೋಟಗಾರಿಕಾ ನಿಗಮದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗೇರಿನ ಚಿಗುರನ್ನೂ ಹೂಗೊಂಚಲನ್ನೂ ಹೀರಿ ಒಣಗಿಸುವ ಚಹಾ ಸೊಳ್ಳೆಯನ್ನು ಕೊಲ್ಲುವುದು ಅದರ ಉದ್ದೇಶ. ಅದರಿಂದ ಎಣ್ಮಕಜೆಯಿಂದ ಮುಳಿಯಾರು, ಪೆರಿಯದ ತನಕ ಮನೆಮನೆಗಳಲ್ಲಿ ಏನಾಯಿತೆಂಬುದನ್ನು ಇಲ್ಲಿ ಮತ್ತೆ ಬಣ್ಣಿಸಬೇಕಾಗಿಲ್ಲ. ಪಡ್ರೆಯ ಪತ್ರಕರ್ತ ಶ್ರೀ ಪಡ್ರೆಯವರು, ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ಬರೆದು, ಹೇಳಿ, ಲೋಕದ ಕಣ್ಣು ತೆರೆಸಿದರು. ಲೀಲಾಕುಮಾರಿ ಅಮ್ಮನವರು 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಅದನ್ನು ತಡೆಯಿತು.

ಮಕ್ಕಳ ನೋವಿನ ಮುಂದೆ ಕೀಟದ ಮಾತು ಸಣ್ಣದೆನಿಸೀತು. ಆದರೂ ಒಂದು ಸಂಗತಿಯನ್ನು ಮರೆಯಬಾರದು. ಮನುಷ್ಯರಲ್ಲಿ ರೋಗ ಕಾಣಿಸಿತೆಂದು ಲೋಕ ಒಪ್ಪುವುದಕ್ಕೆ ಎಷ್ಟೋ ಮೊದಲೇ ಜೇನು ಸಾಯುತ್ತಿದೆ, ಪೆಟ್ಟಿಗೆ ಬರಿದಾಗುತ್ತಿದೆ ಎಂದು ಆ ಊರುಗಳವರು ಹೇಳುತ್ತಿದ್ದರು. ಮೊದಲ ಸಾಕ್ಷಿ ನುಡಿದದ್ದು ಜೇನು. ಅದರ ಮಾತನ್ನು ಅಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲ್ಲ ಹೊಣೆಯನ್ನೂ ಆ ಒಂದು ಔಷಧಿಯ ಮೇಲೆ ಹೊರಿಸುವುದು ನ್ಯಾಯವಲ್ಲ. 1991-92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವು ನಾಶವಾದವು. ಕೊಡಗು, ದಕ್ಷಿಣ ಕನ್ನಡ, ಕೇರಳದ ಜೇನು ಕೃಷಿಕರ ಬೆನ್ನೆಲುಬೇ ಅದರಿಂದ ಮುರಿಯಿತು. ಆದರೆ ರೋಗ ಬಂದು ಹೋಗುತ್ತದೆ, ಬದುಕುಳಿದ ಗೂಡುಗಳಿಂದ ವಂಶ ಮತ್ತೆ ಬೆಳೆಯುತ್ತದೆ. ಆಕಾಶದಿಂದ ವರ್ಷ ವರ್ಷವೂ ವಿಷ ಬೀಳುವ ಕಡೆ ಬದುಕುಳಿದವು ಬೆಳೆಯುವುದೆಂತು?

ಇಲ್ಲಿ ಒಂದು ವಿಪರ್ಯಾಸವಿದೆ. ಗೇರು ತನ್ನಷ್ಟಕ್ಕೆ ಕಾಯಿ ಕಟ್ಟುವ ಮರವಲ್ಲ. ಅದರ ಗೊಂಚಲಿನಲ್ಲಿ ಗಂಡು ಹೂಗಳೇ ಬಹಳ. ಕಾಯಿ ಕಟ್ಟಬಲ್ಲ ಹೂಗಳು ಸ್ವಲ್ಪ. ಅವಕ್ಕೆ ಪರಾಗ ತಲುಪಿಸುವುದು ಜೇನು, ನೊಣ, ಇರುವೆಗಳಂಥ ಕೀಟಗಳು. ಗೇರುಬೀಜ ಉಳಿಸಲೆಂದು ಸುರಿದ ಔಷಧಿ ಗೇರುಬೀಜ ಮಾಡಿಕೊಡುವವರನ್ನೇ ಕೊಂದಿತು. ಜತ್ತದ ದಾಳಿಂಬೆ ತೋಟದಲ್ಲಿ ಹೂಗಾಲದ ಬೆಳಿಗ್ಗೆ ನಡೆಯುವುದು ಇದೇ ಲೆಕ್ಕದ ಸಣ್ಣ ನಕಲು.

ಸೆಶೆಲ್ಸ್ ದ್ವೀಪದ ಒಂದು ಪರೀಕ್ಷೆ

ಹಾಳಾದದ್ದು ಮತ್ತೆ ಸರಿಹೋದೀತೇ ಎಂಬುದಕ್ಕೆ ಹಿಂದೂ ಮಹಾಸಾಗರದ ಸೆಶೆಲ್ಸ್ ದೇಶದ ಮಾಹೆ ದ್ವೀಪದಲ್ಲಿ ನಡೆದ ಪರೀಕ್ಷೆಯೊಂದು ಉತ್ತರ ಕೊಡುತ್ತದೆ. ಅಲ್ಲಿ ಬಂಡೆಗುಡ್ಡಗಳ ನೆತ್ತಿಯಲ್ಲಿ ಆ ನೆಲದ್ದೇ ಆದ ಅಪರೂಪದ ಗಿಡಗಳಿವೆ. ಹೊರಗಿನಿಂದ ಬಂದ ಪೊದೆಗಳು ಅವನ್ನು ಮುತ್ತಿದ್ದವು. ವಿಜ್ಞಾನಿಗಳು ಇಂಥ 8 ಗುಡ್ಡಗಳನ್ನು ಆರಿಸಿ, 4ರಲ್ಲಿ ಹೊರಗಿನ ಪೊದೆಗಳನ್ನು ಕಡಿದು ತೆಗೆಸಿದರು. ಉಳಿದ 4ನ್ನು ಇದ್ದಂತೆಯೇ ಬಿಟ್ಟರು. ಆ ಬಳಿಕ 8 ತಿಂಗಳ ಕಾಲ ಯಾವ ಹೂವಿಗೆ ಯಾವ ಜೀವಿ ಎಷ್ಟು ಬಾರಿ ಬಂತೆಂದು ಕುಳಿತು ಎಣಿಸಿದರು. ಕಳೆ ತೆಗೆದ ಗುಡ್ಡಗಳಲ್ಲಿ ಹೂವಿಗೆ ಬರುವ ಜೀವಿಗಳ ಬಗೆ ನೂರಕ್ಕೆ ಸುಮಾರು 22ರಷ್ಟು ಹೆಚ್ಚಾಗಿತ್ತು. ಅವುಗಳ ಭೇಟಿಯೂ ಹೆಚ್ಚಿತ್ತು. ಮುಖ್ಯವಾಗಿ, ಅಲ್ಲಿಯ ಗಿಡಗಳು ಹೆಚ್ಚು ಕಾಯಿ ಕಟ್ಟಿದ್ದವು. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಈ ಪರೀಕ್ಷೆಯಲ್ಲಿ ಎರಡು ಪಾಠಗಳಿವೆ. ಒಂದು, ಕೆಟ್ಟದ್ದು ಪೂರ್ತಿಯಾಗಿ ಅಲ್ಲದಿದ್ದರೂ ಸರಿಹೋಗಬಲ್ಲದು, ಅದೂ ಬೇಗನೆ. ಇನ್ನೊಂದು, ಅವರು ಎಣಿಸಿದ್ದು ನೆಟ್ಟ ಗಿಡಗಳನ್ನಲ್ಲ, ಹೂವಿಗೆ ಬಂದ ಅತಿಥಿಗಳನ್ನು ಮತ್ತು ನಿಂತ ಕಾಯಿಗಳನ್ನು.

ನಮ್ಮ ಕೈಯಲ್ಲಿ ಇರುವುದು

ದೊಡ್ಡ ಯೋಜನೆಗಳು ಬರುವ ತನಕ ಕಾಯಬೇಕಾಗಿಲ್ಲ. ಶೇಗಾಂವದ ದಾಳಿಂಬೆ ಬೆಳೆಗಾರನಾಗಲಿ, ಬದಿಯಡ್ಕದ ಗೇರು ಬೆಳೆಗಾರನಾಗಲಿ ಮಾಡಬಹುದಾದ ಕೆಲಸಗಳು ಇವು.

ಹೂ ಅರಳಿರುವಾಗ ಕೀಟನಾಶಕವನ್ನು ಆದಷ್ಟು ದೂರವಿಡುವುದು, ತಪ್ಪದಿದ್ದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊತ್ತು ಹೊಡೆಯುವುದು. ಪಕ್ಕದವರು ಜೇನುಪೆಟ್ಟಿಗೆ ಇಟ್ಟಿದ್ದರೆ ಹಿಂದಿನ ದಿನವೇ ಅವರಿಗೆ ತಿಳಿಸುವುದು. ಹೊಲದ ಬದುವನ್ನು ಬೋಳು ಮಾಡದೆ ತುಂಬೆ, ತಂಗಡಿ, ಬೋರೆಗಳಿಗೆ ಬಿಡುವುದು. ಮುಜಂಟಿಯಂಥ ಸಣ್ಣ ಜೇನು ಗೂಡಿನಿಂದ ಕೆಲವು ನೂರು ಮೀಟರಿನಾಚೆ ಹೋಗಲಾರದು. ಅದಕ್ಕೆ ಬದುವೇ ದಾರಿ, ಬದುವೇ ಛತ್ರ. ಒಂದೆರಡು ಒಣಮರ, ಒಂದಿಷ್ಟು ಉಳದ ನೆಲ, ಬೇಸಗೆಯಲ್ಲಿ ಕಲ್ಲು ಹಾಕಿಟ್ಟ ಅಗಲ ಬಾಯಿಯ ಪಾತ್ರೆಯಲ್ಲಿ ನೀರು, ಇವಕ್ಕೆ ಖರ್ಚಿಲ್ಲ. ಹೆಜ್ಜೇನು ಕಂಡೊಡನೆ ಬೆಂಕಿ ಇಡುವ ಚಾಳಿಯನ್ನೂ ಬಿಡಬೇಕು. ಹೂ ಮುಗಿದಾಗ ಅದು ತಾನಾಗಿಯೇ ಹೊರಡುತ್ತದೆ.

ಇನ್ನು ಗಿಡ ನೆಡುವ ದಿನದ ಮಾತು. ಒಂದೇ ಜಾತಿಯ ನೂರು ಸಸಿಯ ಬದಲು ಹನ್ನೆರಡು ತಿಂಗಳಿಗೂ ಒಂದೊಂದು ಹೂ ಸಿಗುವಂತೆ ಹನ್ನೆರಡು ಜಾತಿಯ ಸಸಿಗಳನ್ನು ಆರಿಸಬಹುದು. ಜತ್ತಕ್ಕೆ ಬೇವು, ಹೊಂಗೆ, ಬನ್ನಿ, ಹುಣಸೆ ಆದರೆ, ನಮ್ಮ ಪದವುಗಳಿಗೆ ಕುಂಟಾಲ, ಕೇಪಳ, ಕರಂಡೆ, ನೇರಳೆ. ನಮ್ಮ ಮುರಕಲ್ಲಿನ ಪದವೂ ಜತ್ತದ ಮಾಳದ ಹಾಗೆ ಕಡತದಲ್ಲಿ ಪಾಳೇ. ಆದರೆ ಆಟಿ, ಸೋಣ ತಿಂಗಳಲ್ಲಿ ಅದರ ಮೇಲೆ ನೀಲಿ, ಬಿಳಿ ಹೂವಿನ ಹಾಸು ಹಾಸಿರುತ್ತದೆ. ಕಲ್ಲು ಕಡಿದು ಹೊಂಡವಾದ ಪದವಿನಲ್ಲಿ ಅಕೇಶಿಯಾ ನೆಟ್ಟು ಹಸುರಾಯಿತೆಂದರೆ ಆ ಹಾಸು ಮರಳುವುದಿಲ್ಲ.

ಹೆಸರು ಉಳಿಸುವ ಕೆಲಸ

ಕೊನೆಯದಾಗಿ, ಭಾಷಾ ಅಲ್ಪಸಂಖ್ಯಾತರಾದ ನಮಗೆ ಮಾತ್ರ ಸಂಬಂಧಿಸಿದ ಒಂದು ವಿಚಾರ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯತಿನಲ್ಲಿಯೂ ಜೀವವೈವಿಧ್ಯ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಕೀಟಗಳನ್ನೂ ಅವುಗಳ ಬಗ್ಗೆ ಊರವರಿಗಿರುವ ತಿಳಿವಳಿಕೆಯನ್ನೂ ಆ ಸಮಿತಿ ಒಂದು ಪುಸ್ತಕದಲ್ಲಿ ದಾಖಲಿಸಬೇಕು. 2020ರ ಜನವರಿ 31ರೊಳಗೆ ಇದನ್ನು ಮುಗಿಸಬೇಕೆಂದು ರಾಷ್ಟ್ರೀಯ ಹಸುರು ನ್ಯಾಯಮಂಡಳಿ ಗಡುವು ಕೊಟ್ಟಿತ್ತು. ಗಡುವಿನ ಒತ್ತಡದಲ್ಲಿ ಬರೆದ ಪುಸ್ತಕದಲ್ಲಿ ಊರಿನ ಮಾತು ಎಷ್ಟು ಸೇರಿದೆಯೆಂದು ತೆರೆದು ನೋಡುವುದು ಊರವರ ಹಕ್ಕು, ಊರವರದೇ ಕೆಲಸ.

ಆ ಪುಸ್ತಕದಲ್ಲಿ ಸ್ಥಳೀಯ ಹೆಸರು ಬರೆಯಲು ಜಾಗವಿದೆ. ಜತ್ತದ ಕನ್ನಡ ಊರಿನಲ್ಲಿ ಅಲ್ಲಿ ಮರಾಠಿ ಹೆಸರು ಮಾತ್ರ ಬಂದರೆ, ಎಣ್ಮಕಜೆಯಲ್ಲಿ ಮಲಯಾಳ ಹೆಸರು ಮಾತ್ರ ಬಂದರೆ, ನಮ್ಮ ಹಿರಿಯರು ಬಲ್ಲ ಗಿಡವೂ ಜೇನೂ ದಾಖಲೆಯ ಮಟ್ಟಿಗೆ ಇಲ್ಲವಾಗುತ್ತವೆ. ಹೆಸರು ಹೋದ ಮೇಲೆ ಅದು ಯಾವಾಗ ಹೂ ಬಿಡುತ್ತದೆ, ಯಾವ ಜೇನು ಅದಕ್ಕೆ ಬರುತ್ತದೆ ಎಂಬ ತಿಳಿವಳಿಕೆಯೂ ಉಳಿಯುವುದಿಲ್ಲ. ಪರಾಗಸ್ಪರ್ಶವೆಂಬ ಪಾಠವನ್ನು ನಾವು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ದಾಸವಾಳದ ಚಿತ್ರ ಬರೆದು ಮಾಡುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅಜ್ಜ ಅಜ್ಜಿಯರನ್ನು ಕೇಳಿ ತಿಂಗಳಿಗೊಂದು ಹೂವಿನ ಹೆಸರು, ಅದಕ್ಕೆ ಬರುವ ಜೀವಿಯ ಹೆಸರು ಬರೆದು ತರಲು ಮಕ್ಕಳಿಗೆ ಹೇಳಿದರೆ ವರ್ಷ ಮುಗಿಯುವಾಗ ಶಾಲೆಯಲ್ಲಿ ಒಂದು ಹೂವಿನ ಪಂಚಾಂಗವೇ ಸಿದ್ಧವಾಗಿರುತ್ತದೆ. ಅದನ್ನು ಪಂಚಾಯತಿನ ಪುಸ್ತಕಕ್ಕೆ ಕನ್ನಡದಲ್ಲಿಯೇ ಸೇರಿಸಿರೆಂದು ಕೇಳಬಹುದು. ಕನ್ನಡ ಶಾಲೆಯೊಂದು ತನ್ನ ಊರಿಗೆ ಮಾಡಬಹುದಾದ ಉಪಕಾರ ಇದಕ್ಕಿಂತ ದೊಡ್ಡದು ಬೇರೆ ಇರಲಾರದು.

ನೆಲ ಚೇತರಿಸಿದೆಯೇ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಕೆಲವು ವರ್ಷಗಳ ಹಿಂದೆ ನೆಟ್ಟ ಬೇವಿನ ಅಥವಾ ನೇರಳೆಯ ಮರದ ಬುಡಕ್ಕೆ ಮಳೆ ಬಿದ್ದ ಮೇಲೆ ಹೋಗಿ ಬಗ್ಗಿ ನೋಡಿದರೆ ಸಾಕು. ಯಾರೂ ನೆಡದ ಪುಟ್ಟ ಸಸಿಗಳು ಅಲ್ಲಿ ಎದ್ದಿದ್ದರೆ, ಹೂವಿಗೆ ಅತಿಥಿಗಳು ಬಂದು ಹೋಗಿದ್ದಾರೆಂದೇ ಅರ್ಥ. ಎಣಿಸುವುದಾದರೆ ಅವನ್ನು ಎಣಿಸೋಣ.